ಗೆಲುವಿಗೊಂದು ದಿನ, ಮಡಿದವರಿಗೊಂದು ಕಲ್ಲು

ಈ ಉಪನ್ಯಾಸದ ಕರಪತ್ರವನ್ನು ಕಾಲೇಜಿನ ಗೋಡೆಯ ಮೇಲೆ ಓದಿದ ಹುಡುಗನೊಬ್ಬ ಮೊನ್ನೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಸಾರ್, ಜುಲೈ 26ಕ್ಕೆ ರಜೆ ಇದೆಯಾ?" ಎಂದು ಕೇಳಿದ. ಇಲ್ಲವೆಂದೆ. "ಡಿಸೆಂಬರ್ 16ಕ್ಕೆ?" ಅದಕ್ಕೂ ಇಲ್ಲವೆಂದೆ. ಅವನ ಮುಖ ಸಪ್ಪಗಾಯಿತು. ಅದು ಸೈನಿಕರಿಗಾಗಿಯೋ ರಜೆಗಾಗಿಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಆದರೂ ಅವನ ಪ್ರಶ್ನೆ ಹಗುರವಾದುದಲ್ಲ. ನಮ್ಮ ರಜಾಪಟ್ಟಿಯಲ್ಲಿ ಮಹಾಪುರುಷರ ಜಯಂತಿಗಳಿವೆ, ಎಲ್ಲ ಧರ್ಮಗಳ ಹಬ್ಬಗಳಿವೆ, ಆದರೆ ಯುದ್ಧದಲ್ಲಿ ಮಡಿದ ಸೈನಿಕರ ಹೆಸರಿನಲ್ಲಿ ಒಂದು ಸಾರ್ವತ್ರಿಕ ರಜೆಯೂ ಇಲ್ಲ. ಆಚರಣೆಯ ದಿನಗಳು ಇಲ್ಲವೆಂದಲ್ಲ. 1949ರಲ್ಲಿ ಕೊಡಗಿನ ಕಾರ್ಯಪ್ಪನವರು ಬ್ರಿಟಿಷ್ ಸೇನಾಧಿಪತಿಯಿಂದ ಅಧಿಕಾರ ವಹಿಸಿಕೊಂಡ ಜನವರಿ 15 ಸೇನಾ ದಿನವಾಗಿದೆ. ಜುಲೈ 26 ಕಾರ್ಗಿಲ್ ವಿಜಯ ದಿವಸ. 1971ರ ಯುದ್ಧದ ಡಿಸೆಂಬರ್ 16 ವಿಜಯ ದಿವಸ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಇವುಗಳಲ್ಲಿ ಯಾವುದು ನಿಜವಾಗಿ ಸತ್ತವರ ದಿನ ಎಂಬುದೇ ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಷಯ.

ರಜೆ ಕೊಟ್ಟ ದೇಶಗಳ ಅನುಭವವನ್ನು ಮೊದಲು ನೋಡೋಣ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಆ ದೇಶದ ತುಂಬ ಹೊಸ ಗೋರಿಗಳಿದ್ದವು. ಆ ವರ್ಷದ ಮೇ ತಿಂಗಳ ಮೊದಲ ದಿನ ಚಾರ್ಲ್ಸ್‌ಟನ್ ನಗರದಲ್ಲಿ, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕರಿಯ ಜನರು, ಸೆರೆಯಲ್ಲಿ ಸತ್ತು ಗುಂಪುಗುಂಪಾಗಿ ಹೂಳಲ್ಪಟ್ಟಿದ್ದ ಉತ್ತರದ ಸೈನಿಕರ ಗೋರಿಗಳನ್ನು ಸರಿಪಡಿಸಿ, ಬೇಲಿ ಹಾಕಿ, ಹೂವಿಟ್ಟು ಮೆರವಣಿಗೆ ಮಾಡಿದರು. ಮೂರು ವರ್ಷದ ಬಳಿಕ, 1868ರ ಮೇ 30ನ್ನು ಗೋರಿಗಳಿಗೆ ಹೂವಿಡುವ ದಿನವಾಗಿ ಆಚರಿಸುವಂತೆ ನಿವೃತ್ತ ಯೋಧರ ಸಂಘದ ಮುಖಂಡ ಜಾನ್ ಲೋಗನ್ ಕರೆ ಕೊಟ್ಟರು. ಅದನ್ನು ಅಲಂಕರಣ ದಿನವೆಂದೇ ಕರೆಯುತ್ತಿದ್ದರು. ಇಂದಿನ ಮೆಮೋರಿಯಲ್ ಡೇ ಅದರಿಂದಲೇ ಬೆಳೆದು ಬಂದದ್ದು. ನೂರು ವರ್ಷ ಅದು ಮೇ 30ಕ್ಕೇ ಬಂತು. 1968ರಲ್ಲಿ ಕೆಲವು ರಜೆಗಳನ್ನು ಸೋಮವಾರಕ್ಕೆ ಹೊಂದಿಸುವ ಕಾನೂನು ಮಾಡಿ, 1971ರಿಂದ ಅದನ್ನು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಸರಿಸಿದರು. ಶನಿವಾರ, ಭಾನುವಾರ, ಸೋಮವಾರ ಕೂಡಿ ಮೂರು ದಿನದ ಬಿಡುವಾಯಿತು. ಅಲ್ಲಿರುವ ನನ್ನ ತಂಗಿಯ ಮಗ ಪ್ರತಿವರ್ಷ ಆ ಸೋಮವಾರ ಫೋನು ಮಾಡುತ್ತಾನೆ. "ಮಾವ, ಇವತ್ತು ಲಾಂಗ್ ವೀಕೆಂಡು, ಅದಕ್ಕೇ ಪುರುಸೊತ್ತು" ಎನ್ನುತ್ತಾನೆ. ಯಾತಕ್ಕಾಗಿ ರಜೆ ಎಂದು ಅವನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಅಮೆರಿಕದವರಿಗೂ ಈ ಅಳುಕು ಇದೆ. ಆದ್ದರಿಂದಲೇ 2000ದಲ್ಲಿ ಅವರು ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಒಂದು ನಿಮಿಷ ಸ್ಮರಣೆಗೆ ಮೀಸಲಿಡಬೇಕೆಂದು ಬೇರೆಯಾಗಿ ಕಾನೂನು ಮಾಡಬೇಕಾಯಿತು. ನೆನೆಯುವುದಕ್ಕೆಂದು ಒಂದಿಡೀ ದಿನ ಬಿಡುವು ಕೊಟ್ಟಮೇಲೆ, ಆ ದಿನದೊಳಗೆ ನೆನೆಯಲು ಒಂದು ನಿಮಿಷವನ್ನು ಹುಡುಕಿ ಕೊಡಬೇಕಾಯಿತು ಎಂಬುದನ್ನು ಗಮನಿಸಿ.

ಬ್ರಿಟನ್ನಿನ ದಾರಿ ಬೇರೆ. ಒಂದನೆಯ ಮಹಾಯುದ್ಧ 1918ರ ನವೆಂಬರ್ 11ರಂದು ಬೆಳಿಗ್ಗೆ ಹನ್ನೊಂದಕ್ಕೆ ನಿಂತಿತು. ಮರುವರ್ಷ ಅದೇ ದಿನ, ಅದೇ ಹೊತ್ತಿಗೆ ಇಡೀ ದೇಶ ಎರಡು ನಿಮಿಷ ಕೆಲಸ ನಿಲ್ಲಿಸಿ ಮೌನವಾಗಿ ನಿಂತಿತು. ಗದ್ದಲವೇ ಬದುಕಾದ ನಗರದಲ್ಲಿ ಟ್ರಾಮು, ಕಾರ್ಖಾನೆ, ಅಂಗಡಿ ಎಲ್ಲವೂ ಒಟ್ಟಿಗೆ ನಿಲ್ಲುವುದೇ ಅದರ ಅರ್ಥವಾಗಿತ್ತು. ನಮ್ಮ ಸಭೆಗಳ ಮೌನಾಚರಣೆ ಅಲ್ಲಿಂದಲೇ ಬಂದದ್ದು. ನಮ್ಮ ಎರಡು ನಿಮಿಷ ಸಾಮಾನ್ಯವಾಗಿ ನಲವತ್ತು ಸೆಕೆಂಡಿಗೆ ಮುಗಿಯುತ್ತದೆ. ನಾನೇ ಗಡಿಯಾರ ನೋಡಿದ್ದೇನೆ, ಹಾಗೆ ನೋಡಿದ್ದರಿಂದ ನನ್ನ ಮೌನವೂ ಕೆಟ್ಟಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮತ್ತೊಂದು ವರ್ಷ ಕಳೆದು, 1920ರ ಅದೇ ದಿನ, ಲಂಡನ್ನಿಗೂ ಪ್ಯಾರಿಸ್ಸಿಗೂ ಗುರುತು ಸಿಗದ ಒಬ್ಬೊಬ್ಬ ಸೈನಿಕನ ದೇಹವನ್ನು ರಾಜಮರ್ಯಾದೆಯಿಂದ ತಂದರು; ಲಂಡನ್ನಿನಲ್ಲಿ ಅಂದೇ, ಪ್ಯಾರಿಸ್ಸಿನಲ್ಲಿ 1921ರ ಜನವರಿಯಲ್ಲಿ ಸಮಾಧಿ ಮಾಡಿದರು. ಮಗನ ಗೋರಿ ಎಲ್ಲಿದೆಯೆಂದು ತಿಳಿಯದ ತಾಯಿಯೊಬ್ಬಳು ಆ ಗೋರಿಯ ಮುಂದೆ ನಿಂತು, ಇವನೇ ನನ್ನ ಮಗನಿರಬಹುದು ಎಂದುಕೊಳ್ಳಲು ಅವಕಾಶವಾಯಿತು.

ಇದನ್ನು ಯುರೋಪಿನವರು ಹೊಸದಾಗಿ ಕಂಡುಹಿಡಿದರೆಂದು ಓದಿದಾಗ ನನಗೆ ನಮ್ಮ ಮನೆಯ ಮಹಾಲಯ ಅಮಾವಾಸ್ಯೆ ನೆನಪಾಯಿತು. ಸತ್ತ ತಿಥಿ ಗೊತ್ತಿದ್ದವರಿಗೆ ಆಯಾ ತಿಥಿಯಲ್ಲಿ ಮಾಡುತ್ತೇವೆ. ಊರು ಬಿಟ್ಟು ಹೋಗಿ ಎಲ್ಲಿ ಸತ್ತರೋ, ಎಂದು ಸತ್ತರೋ ತಿಳಿಯದವರಿಗೆ, ಮಕ್ಕಳಿಲ್ಲದೆ ಹೋದವರಿಗೆ, ಹೆಸರು ಮರೆತುಹೋದ ಹಿರಿಯರಿಗೆ ಅಮಾವಾಸ್ಯೆಯ ದಿನ. ನಮ್ಮ ಕಡೆ ಅದನ್ನು ಹಿರಿಯರ ಹಬ್ಬ ಎನ್ನುತ್ತಾರೆ, ಹೊಸ ಬಟ್ಟೆಯಿಟ್ಟು, ಅವರಿಗೆ ಇಷ್ಟವಾದುದನ್ನು ಮಾಡಿ ಎಡೆ ಇಡುತ್ತಾರೆ. ಎಡೆ ಇಡುವಾಗ, ಈ ಅಜ್ಜ ಬದುಕಿನಲ್ಲಿ ಗೆದ್ದನೇ ಸೋತನೇ, ಸಾಲ ತೀರಿಸಿದನೇ ಉಳಿಸಿ ಹೋದನೇ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಸತ್ತವನು ನಮ್ಮವನು ಎಂಬುದೊಂದೇ ಅರ್ಹತೆ. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಸ್ವಲ್ಪ ಹೊತ್ತಿನಲ್ಲಿ ಇದಕ್ಕೇ ಮರಳಬೇಕಾಗಿದೆ.

ಈಗ ನಮ್ಮ ನೆಲದ ಸ್ಮಾರಕಗಳಿಗೆ ಬರೋಣ. ಕರ್ನಾಟಕದಲ್ಲಿ ಶಾಸನ ಹುಡುಕುತ್ತ ತಿರುಗಿದ ಯಾರನ್ನೇ ಕೇಳಿದರೂ, ಊರ ಬಾಗಿಲಿನಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲು ಕಾಣದ ಪ್ರದೇಶ ಕಡಿಮೆ ಎಂದು ಹೇಳುತ್ತಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ ನಡೆದಿರುತ್ತದೆ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಓಡುತ್ತಿರುವ ದನಗಳು. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ, ಮೇಲೆ ಸೂರ್ಯ, ಚಂದ್ರ. ಅನೇಕ ಕಲ್ಲುಗಳ ಮೇಲೆ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ: ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನೀ ಕಾಯೇ ಕಾ ಚಿಂತಾ ಮರಣೇ ರಣೇ. ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ, ಕ್ಷಣದಲ್ಲಿ ಅಳಿಯುವ ಈ ಮೈಗೆ ಯುದ್ಧದಲ್ಲಿ ಸಾಯುವ ಚಿಂತೆಯೇಕೆ ಎಂದು ಅರ್ಥ. ಬದುಕಿರುವವರನ್ನು ಮುಂದಿನ ಯುದ್ಧಕ್ಕೆ ಹುರಿದುಂಬಿಸುವ ಮಾತಿದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಸತ್ತವರ ಸ್ಮಾರಕದೊಳಗೆ ಸೇನೆಗೆ ಆಳು ಸೇರಿಸುವ ಕೆಲಸವೂ ಅಡಗಿರುತ್ತದೆ. ಅದು ಅಂದೂ ಇತ್ತು, ಇಂದೂ ಇದೆ.

ಆದರೆ ಶ್ಲೋಕವನ್ನು ಬಿಟ್ಟು ಕನ್ನಡ ಭಾಗವನ್ನು ಓದಿದರೆ ಸ್ವರವೇ ಬೇರೆಯಾಗುತ್ತದೆ. "ತುಱುವಂ ಮಗುಳ್ಚಿ ಸತ್ತಂ", ದನಗಳನ್ನು ಹಿಂದಿರುಗಿಸಿ ಸತ್ತ. "ಕಾದಿ ಸತ್ತಂ", ಹೋರಾಡಿ ಸತ್ತ. ಸತ್ತ ಎನ್ನಲು ಆ ಕಲ್ಲಿಗೆ ಸಂಕೋಚವಿಲ್ಲ. ನಾವು ಇಂದು ಹುತಾತ್ಮ ಎನ್ನುತ್ತೇವೆ. ಅದು ಒಳ್ಳೆಯ ಪದವೇ, ಆದರೆ ರಕ್ಷಣಾ ಇಲಾಖೆಯ ಕಡತಗಳಲ್ಲಿ ಅಂಥ ಪದದ ಬಳಕೆಯಿಲ್ಲವೆಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಇರಲಿ, ಪದದ ಜಗಳ ನನಗೆ ಬೇಡ. ವೀರಗಲ್ಲು ಯಾವ ಬಗೆಯ ಸಾವುಗಳನ್ನು ನೆನೆಯುತ್ತದೆ ಎಂಬುದನ್ನು ನೋಡಿ. ತುರುಗೊಳ್, ಅಂದರೆ ದನಗಳನ್ನು ಅಟ್ಟಿಕೊಂಡು ಹೋಗುವವರನ್ನು ತಡೆದು ಸತ್ತವರು. ಊರಳಿವು, ಊರು ಹಾಳಾಗುವಾಗ ಸತ್ತವರು. ಪೆಣ್ಬುಯ್ಯಲ್, ಹೆಣ್ಣುಮಕ್ಕಳ ಮೇಲೆ ಕೈ ಮಾಡಿದವರನ್ನು ಎದುರಿಸಿ ಸತ್ತವರು. ಹುಲಿಯೊಡನೆ ಕಾದಾಡಿ ಸತ್ತವರು. ಊರಳಿವು ಎಂಬ ಪದವನ್ನು ಕೇಳಿದಿರಲ್ಲ. ಊರು ಉಳಿಯಲಿಲ್ಲ, ಅವನು ಸೋತ, ಆದರೂ ಕಲ್ಲು ನಿಂತಿತು.

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೂ ಇಂಥ ಕಲ್ಲಿನಲ್ಲಿಯೇ. ಬೇಗೂರಿನ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಕಲ್ಲು "ಬೆಂಗಳೂರ ಕಾಳಗ"ದಲ್ಲಿ ಸತ್ತವನನ್ನು ಹೇಳುತ್ತದೆ. ಯಾರು ಗೆದ್ದರು, ಯಾತಕ್ಕೆ ಕಾದಿದರು ಎಂಬುದೆಲ್ಲ ಮಸುಕಾಗಿದೆ. ಕಂಪ್ಯೂಟರುಗಳ ಆ ಮಹಾನಗರದ ಹೆಸರಿಗೆ ಇರುವ ಅತ್ಯಂತ ಹಳೆಯ ಸಾಕ್ಷಿ ಒಬ್ಬ ಆಳಿನ ಮರಣಪತ್ರ.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳಿದ ಕಲ್ಲು ಮನುಷ್ಯನದಲ್ಲ, ನಾಯಿಯದು. ಮದ್ದೂರಿನ ಬಳಿಯ ಆತಕೂರಿನಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿದ, ಚೋಳ ರಾಜಾದಿತ್ಯ ಸತ್ತ. ಬೂತುಗನ ಆಳು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದಾಗ, ಅವನು ಒಡೆಯನ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರ ಕೆತ್ತಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಕೊನೆಯಲ್ಲಿ ಒಂದು ಕಟ್ಟಳೆ ಇದೆ: ಅಲ್ಲಿಯ ಗೊರವನು, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಅವನು ಗುರಿಯಾಗುತ್ತಾನೆ. ಭೂಮಿಯ ಉತ್ಪನ್ನ ತಿನ್ನುವವನು ಊಟಕ್ಕೆ ಮುಂಚೆ ನೆನೆಯಬೇಕು. ವರ್ಷಕ್ಕೊಮ್ಮೆಯಲ್ಲ, ದಿನಾಲೂ. ಸ್ಮರಣೆಯನ್ನು ಒಬ್ಬನ ಹೊಟ್ಟೆಗೆ ಕಟ್ಟಿಹಾಕಿದ ಈ ಜಾಣತನದ ಮುಂದೆ ನಮ್ಮ ಹೂಗುಚ್ಛಗಳು ನನಗೆ ಸಪ್ಪೆಯಾಗಿ ಕಾಣುತ್ತವೆ.

ಭೂಮಿಯ ಮಾತು ಬಂದುದರಿಂದ ಇನ್ನೆರಡು ಪದಗಳನ್ನು ಹೇಳಬೇಕು. ಸತ್ತ ವೀರನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡಗೆ. ಇನ್ನೊಂದು ಬಾಳ್ಗಳ್ಚು; ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು, ವೀರನ ಕತ್ತಿಯನ್ನು ತೊಳೆದು ಕೊಟ್ಟ ದತ್ತಿ. ಹೀಗೆ ಕಲ್ಲಿನ ಮೇಲೆ ಹೆಸರೂ ಇತ್ತು, ನಡೆದುದರ ವಿವರವೂ ಇತ್ತು, ಹಿಂದೆ ಉಳಿದವರ ಅನ್ನದ ಏರ್ಪಾಡೂ ಇತ್ತು. ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಅದೇ ಊರಿನಲ್ಲಿ ವೀರಗಲ್ಲಿನ ಪಕ್ಕದಲ್ಲಿ ಬಳೆ ತೊಟ್ಟು ಮೇಲೆತ್ತಿದ ಒಂಟಿ ಕೈಯ ಮಾಸ್ತಿಕಲ್ಲು ಇರುತ್ತದೆ. ಗಂಡನ ಸಾವಿನ ಗೌರವಕ್ಕೆ ಹೆಂಡತಿಯ ಜೀವವನ್ನೂ ಬೆಲೆಯಾಗಿ ಕೇಳಿದ ಕಾಲವದು. ಇವತ್ತು ನಾವು ವೀರನಾರಿ ಎಂದು ಕರೆದು ವೇದಿಕೆಯ ಮೇಲೆ ಶಾಲು ಹೊದಿಸುವ ಹೆಣ್ಣುಮಗಳು, ಆ ಸಮಾರಂಭ ಮುಗಿದ ಮೇಲೆ ಮಾವನ ಮನೆ, ತವರುಮನೆಗಳ ನಡುವೆ ಪಿಂಚಣಿಯ ಕಾಗದ ಹಿಡಿದು ಓಡಾಡುವುದನ್ನು ಕಂಡವರಿಗೆ, ಆ ಕಾಲ ಪೂರ್ತಿ ಕಳೆದಿದೆಯೇ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ನಾನು ಕ್ಷೇತ್ರಕಾರ್ಯ ಮಾಡುತ್ತಿದ್ದ ದಿನಗಳಲ್ಲಿ ಒಂದು ಊರಿನ ಕೆರೆಯ ಬಳಿ ವೀರಗಲ್ಲೊಂದನ್ನು ಮಲಗಿಸಿ ಬಟ್ಟೆ ಒಗೆಯುತ್ತಿದ್ದರು. ಸೋಪಿನ ನೊರೆಯ ಕೆಳಗೆ ಅಪ್ಸರೆಯ ಮೊಣಕೈ ಕಾಣುತ್ತಿತ್ತು. ನಾನು ಸಿಟ್ಟಿನಿಂದ ಮಾತಾಡಿದೆ, ಆಗ ಒಗೆಯುತ್ತಿದ್ದ ಅಜ್ಜಿ ಹೇಳಿದ ಮಾತು: "ಬಿಡಪ್ಪಾ, ಹಬ್ಬದ ದಿವಸ ಇದಕ್ಕೂ ಅರಿಶಿನ ಕುಂಕುಮ ಇಡ್ತೀವಿ. ಯಾರೋ ನಮ್ಮೂರಿಗೋಸ್ಕರ ಸತ್ತೋನಂತೆ." ಹೆಸರು ಸವೆದುಹೋಗಿತ್ತು, ಆದರೆ ಸತ್ತ ಕಾರಣ ಆ ಅಜ್ಜಿಗೆ ತಿಳಿದಿತ್ತು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಬ್ರಿಟಿಷರ ಕಾಲಕ್ಕೆ ಬಂದಾಗ ಇದು ತಿರುಗುಮುರುಗಾಯಿತು. ಭಾರತದ ಎಷ್ಟೋ ಹಳ್ಳಿಗಳ ಗೋಡೆಗಳಲ್ಲಿ ಸಣ್ಣ ಅಮೃತಶಿಲೆಯ ಫಲಕಗಳಿವೆ: ಈ ಹಳ್ಳಿಯಿಂದ ಇಷ್ಟು ಮಂದಿ 1914–1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು. ಸಂಖ್ಯೆಯಿದೆ, ಹೆಸರಿಲ್ಲ. ಇರಾಕಿನ ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿ, ಭಾರತೀಯ ಸಿಪಾಯಿಗಳನ್ನು ಆಯಾ ರೆಜಿಮೆಂಟಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದರು. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು ಸತ್ತವರಲ್ಲಿ ಮೇಲು ಕೀಳಿಲ್ಲ ಎಂಬ ತತ್ತ್ವದ ಮೇಲೆ ಹುಟ್ಟಿದ್ದು. ಅದೇ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದನೆಯ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಏಷ್ಯಾ ಮತ್ತು ಆಫ್ರಿಕಾದವರನ್ನು ಸಮಾನವಾಗಿ ಸ್ಮರಿಸಲಿಲ್ಲವೆಂದೂ, ಇನ್ನೂ ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದೂ ಒಪ್ಪಿಕೊಂಡು ಕ್ಷಮೆ ಕೇಳಿತು. ಹತ್ತು ಶತಮಾನಗಳ ಹಿಂದೆ ಆತಕೂರಿನಲ್ಲಿ ನಾಯಿಯೊಂದಕ್ಕೆ ಕಾಳಿ ಎಂಬ ಹೆಸರು ಕಲ್ಲಿನ ಮೇಲೆ ಉಳಿಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನ್ನಿಸುತ್ತದೆ.

ಮೈಸೂರು ಸಂಸ್ಥಾನದ ಲ್ಯಾನ್ಸರುಗಳ, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ, ಕಥೆ ಇದೇ ಯುದ್ಧದ್ದು. ಹೈದರಾಬಾದ್, ಪಟಿಯಾಲದ ಸವಾರರ ಜೊತೆಗೆ ಅವರು 1914ರಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ಈಜಿಪ್ಟಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡ ಕಾಳಗದಲ್ಲಿ, ಮೆಷಿನ್ ಗನ್ನುಗಳಿದ್ದ ಕಾಲದಲ್ಲಿ, ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಹೋದರೆ ಅವರ ಜೊತೆಗಿದ್ದ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದರು. ಜೋಧಪುರದವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಸತ್ತರು. ಸೆರೆಸಿಕ್ಕವರು 1,350, ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34, ಸತ್ತ ಕುದುರೆಗಳು 60. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಎಂಬ ಹೆಸರನ್ನು ಸೇರಿಸಿದರು. ನಮ್ಮದೇ ಬೆಂಗಳೂರಿನ ಜೆ.ಸಿ. ನಗರದಲ್ಲಿ, ಮುನಿರೆಡ್ಡಿಪಾಳ್ಯದ ಹತ್ತಿರ, ಈ ಲ್ಯಾನ್ಸರುಗಳ ಸ್ಮಾರಕಸ್ತಂಭವಿದೆ. ಬಸ್ಸಿಗೆ ಕಾಯುವವರು ಅದರ ಕಡೆ ಬೆನ್ನು ಮಾಡಿ ನಿಂತಿರುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ನಿಂತಿದ್ದವನು.

ಇವರು ಯಾರಿಗಾಗಿ ಸತ್ತರು ಎಂಬ ಪ್ರಶ್ನೆ ಏಳುವುದು ಸಹಜ. ಸಾಮ್ರಾಜ್ಯದ ಯುದ್ಧ, ನಮ್ಮದಲ್ಲ. ದೆಹಲಿಯ ಇಂಡಿಯಾ ಗೇಟಿನ ಮೇಲೆ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲವೂ ಅಂಥ ಯುದ್ಧಗಳವೇ. 1972ರ ಜನವರಿ 26ರಂದು ಅದರ ಕೆಳಗೆ ಅಮರ್ ಜವಾನ್ ಜ್ಯೋತಿ ಹೊತ್ತಿಸಿದಾಗ, ಸ್ವತಂತ್ರ ಭಾರತದ ಸೈನಿಕರ ಜ್ಯೋತಿ ಬ್ರಿಟಿಷರು ಕಟ್ಟಿದ ಕಮಾನಿನ ಕೆಳಗೆ ಉರಿಯತೊಡಗಿತು. ಸ್ವತಂತ್ರ ಭಾರತದಲ್ಲಿ ಮಡಿದವರ ಹೆಸರುಗಳಿಗೆಂದೇ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದದ್ದು 2019ರ ಫೆಬ್ರುವರಿ 25ರಂದು. ಎಪ್ಪತ್ತು ವರ್ಷ ಬೇಕಾಯಿತು. ಅಲ್ಲಿಯ ತ್ಯಾಗಚಕ್ರದ ಗೋಡೆಗಳಲ್ಲಿ ಒಂದೊಂದು ಗ್ರಾನೈಟ್ ಇಟ್ಟಿಗೆಗೆ ಒಬ್ಬೊಬ್ಬನ ಹೆಸರಿನಂತೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಜನರಲ್ಲನ ಇಟ್ಟಿಗೆಯೂ ಸಿಪಾಯಿಯ ಇಟ್ಟಿಗೆಯೂ ಒಂದೇ ಅಳತೆ. ನನ್ನ ಮಟ್ಟಿಗೆ ಅದು ಈ ದೇಶ ಕಟ್ಟಿದ ಅತ್ಯಂತ ಪ್ರಾಮಾಣಿಕ ಗೋಡೆ.

ಏಕೆಂದರೆ ಆ ಗೋಡೆಯಲ್ಲಿ ಗೆದ್ದ ಯುದ್ಧದವರೂ ಸೋತ ಯುದ್ಧದವರೂ ಅಕ್ಕಪಕ್ಕದಲ್ಲಿದ್ದಾರೆ. ನಮ್ಮ ಕ್ಯಾಲೆಂಡರಿನಲ್ಲಿ ಹಾಗಿಲ್ಲ. ವಿಜಯ ದಿವಸ, ಕಾರ್ಗಿಲ್ ವಿಜಯ ದಿವಸ: ಎರಡೂ ಗೆಲುವಿನ ದಿನಗಳು. ಕಾರ್ಗಿಲ್ಲಿನಲ್ಲಿ 527 ಮಂದಿ ಸತ್ತರು, ಅವರನ್ನು ಆ ದಿನ ನೆನೆಯುತ್ತೇವೆ, ಸರಿ. ಆದರೆ 1962ರ ಚೀನಾ ಯುದ್ಧದಲ್ಲಿ 1,300ಕ್ಕೂ ಹೆಚ್ಚು ಮಂದಿ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಕಾಣೆಯಾದರು. ಅವರಿಗೆ ಯಾವ ದಿನ? ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾಂವ್ ತುಕಡಿಯ 114 ಮಂದಿ ಕೊನೆಯ ಗುಂಡಿನವರೆಗೆ ಕಾದಿ ಸತ್ತರು. ಬದುಕಿ ಬಂದ ಕೆಲವರು ನಡೆದುದನ್ನು ಹೇಳಿದಾಗ ಮೇಲಿನವರು ನಂಬಲಿಲ್ಲ. ಚಳಿಗಾಲದಲ್ಲಿ ಕುರಿ ಕಾಯುವವನೊಬ್ಬ ಅತ್ತ ಹೋಗಿ, ಹೆಪ್ಪುಗಟ್ಟಿದ ಕೈಗಳಲ್ಲಿ ಇನ್ನೂ ಬಂದೂಕು ಹಿಡಿದಿದ್ದ ದೇಹಗಳನ್ನು ಕಂಡ ಮೇಲೆಯೇ ನಂಬಿದರು. ಶ್ರೀಲಂಕಾಕ್ಕೆ 1987ರಲ್ಲಿ ಹೋದ ನಮ್ಮ ಶಾಂತಿಪಾಲನಾ ಪಡೆ 1990ರ ಮಾರ್ಚಿನಲ್ಲಿ ಹಿಂದಿರುಗಿದಾಗ ಸುಮಾರು 1,200 ಮಂದಿಯನ್ನು ಅಲ್ಲಿ ಕಳೆದುಕೊಂಡಿತ್ತು. ಮದರಾಸಿನ ಬಂದರಿನಲ್ಲಿ ಅವರನ್ನು ಸ್ವಾಗತಿಸಲು ಆ ರಾಜ್ಯದ ಮುಖ್ಯಮಂತ್ರಿ ಹೋಗಲಿಲ್ಲ. ರಾಜಕೀಯ ಕಾರಣಗಳಿದ್ದವು, ಅವುಗಳನ್ನು ನಾನು ಬಲ್ಲೆ. ಆದರೆ ಹಡಗಿನಿಂದ ಇಳಿದ ಸಿಪಾಯಿ ಆ ಯುದ್ಧವನ್ನು ಆರಿಸಿಕೊಂಡವನಾಗಿರಲಿಲ್ಲ. ಆ ಪಡೆಯಲ್ಲಿ ಮಡಿದವರಿಗೆ ಕೊಲಂಬೊದ ಬಳಿ ಶ್ರೀಲಂಕಾ ಸರ್ಕಾರ ಸ್ಮಾರಕ ಕಟ್ಟಿದೆ. ನಮ್ಮ ಕ್ಯಾಲೆಂಡರಿನಲ್ಲಿ ಅವರಿಗೆ ಒಂದು ಚೌಕವೂ ಇಲ್ಲ.

ಮಹಾಲಯದ ಎಡೆಯ ಮಾತಿಗೆ ನಾನು ಮರಳುವುದು ಇಲ್ಲಿ. ಗೆಲುವಿನ ದಿನ ಬೇರೆ, ಸತ್ತವರ ದಿನ ಬೇರೆ. ಎರಡನ್ನೂ ಒಂದೇ ಮಾಡಿದರೆ, ಗೆಲುವಿಗೆ ಸೇರದ ಸಾವುಗಳೆಲ್ಲ ಹೊರಗುಳಿಯುತ್ತವೆ. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಯಾರೂ ಮರೆತಿರಲಾರಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕಿಕೊಂಡರು. ಆರನೆಯ ದಿನ ಅಗೆದಾಗ ಅವರೊಬ್ಬರು ಉಸಿರಾಡುತ್ತಿದ್ದರು. ಇಡೀ ನಾಡು ಪ್ರಾರ್ಥಿಸಿತು; 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಲ್ಲಿ ಶತ್ರುವಿರಲಿಲ್ಲ, ಗುಂಡು ಹಾರಲಿಲ್ಲ, ಗೆಲುವೂ ಸೋಲೂ ಇರಲಿಲ್ಲ. ಸಿಯಾಚಿನ್ನಿನಲ್ಲಿ ಗುಂಡಿಗಿಂತ ಹಿಮವೇ ಹೆಚ್ಚು ಜನರನ್ನು ಕೊಂದಿದೆ. ಅಂಥ ಸಾವಿಗೆ ವಿಜಯ ದಿವಸದಲ್ಲಿ ಜಾಗ ಹುಡುಕುವುದು ಕಷ್ಟ; ನಮ್ಮ ಹಳೆಯ ಊರುಗಳಲ್ಲಿ, ಹುಲಿಗೆ ಸಿಕ್ಕು ಸತ್ತವನಿಗೂ ಕಲ್ಲು ನಿಲ್ಲಿಸಿದ ಜನ, ಇವನಿಗೂ ನಿಲ್ಲಿಸುತ್ತಿದ್ದರು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು ಇನ್ನೊಂದು ಬಗೆಯ ಮರೆವು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ, ಬದಲಿ ಪೈಲಟ್ ಆಗಿ ಇಟ್ಟಿದ್ದ ಅವರು ಸೇರಿಕೊಂಡರು, ಹಿಂದಿರುಗಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ತಮ್ಮ ಮಿಸ್ಟಿಯರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಒಂದನ್ನು ಅವರು ಎದುರಿಸಿ ಹೊಡೆದುರುಳಿಸಿದರೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದಾಗ. 1988ರಲ್ಲಿ ಮಹಾವೀರ ಚಕ್ರ ಬಂತು, ಇಪ್ಪತ್ತಮೂರು ವರ್ಷ ತಡವಾಗಿ. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಶತ್ರುವಿನ ಕಡೆಯವರು ಹೇಳದಿದ್ದರೆ ನಮ್ಮ ಕಲ್ಲಿನ ತಳದ ಪಟ್ಟಿಕೆ ಖಾಲಿಯೇ ಉಳಿಯುತ್ತಿತ್ತು.

ಕಾರ್ಗಿಲ್ ಯುದ್ಧ ಸ್ಮರಣೆಯ ರೀತಿಯನ್ನೇ ಬದಲಾಯಿಸಿತು ಎಂಬುದನ್ನೂ ಹೇಳಬೇಕು. ಅದಕ್ಕೆ ಮುಂಚಿನ ಯುದ್ಧಗಳಲ್ಲಿ ಸತ್ತವರ ಸಂಸ್ಕಾರ ಸಾಮಾನ್ಯವಾಗಿ ಯುದ್ಧಭೂಮಿಯ ಹತ್ತಿರವೇ ಆಗುತ್ತಿತ್ತು. ಮನೆಗೆ ತಂತಿ ಬರುತ್ತಿತ್ತು, ಕೆಲವು ದಿನದ ಮೇಲೆ ಒಂದು ಟ್ರಂಕು ಬರುತ್ತಿತ್ತು. 1999ರಲ್ಲಿ ದೇಹಗಳನ್ನು ಊರುಗಳಿಗೆ ಕಳಿಸತೊಡಗಿದರು. ಧ್ವಜ ಹೊದಿಸಿದ ಪೆಟ್ಟಿಗೆ, ಹೂವಿನ ಲಾರಿ, ಶಾಲೆಯ ಮಕ್ಕಳ ಸಾಲು, ಮೂರು ಸುತ್ತು ಗುಂಡು. ಸಾವು ಊರಿಗೆ ಬಂತು, ಅದು ಒಳ್ಳೆಯದೇ ಆಯಿತು. ಆದರೆ ಆ ಒಂದು ದಿನದ ಜನಜಂಗುಳಿ, ಮಾತು ಕೊಟ್ಟ ಮುಖಂಡರು, ನಿವೇಶನ, ಜಮೀನು, ರಸ್ತೆಗೆ ಹೆಸರು ಎಂಬ ಘೋಷಣೆಗಳು ಹನ್ನೊಂದನೆಯ ದಿನಕ್ಕೆ ಎಲ್ಲಿ ಹೋದವು ಎಂದು ಯಾವುದಾದರೂ ಮನೆಯಲ್ಲಿ ಕೇಳಿ ನೋಡಿ. ಘೋಷಿಸಿದ ಜಮೀನಿನ ಸರ್ವೆ ನಂಬರಿಗಾಗಿ ವರ್ಷಗಟ್ಟಲೆ ಕಚೇರಿ ಅಲೆದ ಒಬ್ಬ ತಂದೆಯ ಜೊತೆಗೆ ನಾನೇ ಎರಡು ಸಲ ಹೋಗಿದ್ದೆ. ನೆತ್ತರುಗೊಡಗೆಯನ್ನು ಕಲ್ಲಿನ ಮೇಲೆ, ಎಲ್ಲೆಕಟ್ಟಿನ ಸಮೇತ, ಅಳಿಸಲಾಗದಂತೆ ಏಕೆ ಕೆತ್ತಿಸುತ್ತಿದ್ದರೆಂದು ಆ ಕಚೇರಿಯ ಬೆಂಚಿನ ಮೇಲೆ ಕುಳಿತಾಗ ನನಗೆ ಚೆನ್ನಾಗಿ ಅರ್ಥವಾಯಿತು.

ಆದ್ದರಿಂದ ನಮ್ಮ ನಾಲ್ಕು ದಿನಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಎಲ್ಲಕ್ಕಿಂತ ಸಪ್ಪೆಯಾದ ಡಿಸೆಂಬರ್ 7ರ ಮೇಲೆ. 1949ರಲ್ಲಿ ಆರಂಭವಾದ ಧ್ವಜ ದಿನಕ್ಕೆ ಗೆಲುವಿನ ನಂಟಿಲ್ಲ. ಸಣ್ಣ ಕಾಗದದ ಬಾವುಟ, ಒಂದು ಡಬ್ಬಿ, ಅದರಲ್ಲಿ ಬಿದ್ದ ಹಣ ಸತ್ತವರ ಕುಟುಂಬಗಳಿಗೆ, ಅಂಗವಿಕಲ ಸೈನಿಕರಿಗೆ, ನಿವೃತ್ತರಿಗೆ. ಇದೊಂದರಲ್ಲಿ ಗೊರವನ ಕಟ್ಟಳೆಯ ಅಂಶವಿದೆ. ಅದೂ ಕಚೇರಿಗಳಲ್ಲಿ ಸಂಬಳದಿಂದ ಮುರಿದುಕೊಳ್ಳುವ ಬಾಬತ್ತಾಗಿಬಿಟ್ಟಿದೆ. ನಾನು ಮೇಷ್ಟ್ರಾಗಿದ್ದಾಗ ಶಾಲೆಗೆ ಬಂದ ಬಾವುಟಗಳು ಎಷ್ಟೋ ವರ್ಷ ಬೀರುವಿನಲ್ಲಿಯೇ ಉಳಿದು, ನನ್ನ ಜೇಬಿನಿಂದ ದುಡ್ಡು ಕಟ್ಟಿ ಲೆಕ್ಕ ಸರಿಮಾಡಿದ್ದೇನೆ. ಮಕ್ಕಳಿಗೆ ಹಂಚಿ, ಇದು ಯಾರ ಮನೆಗೆ ಹೋಗುತ್ತದೆ ಎಂದು ಹೇಳುವ ಕೆಲಸ ಮಾಡಲಿಲ್ಲ. ಅದು ನನ್ನ ತಪ್ಪು.

ಆ ಹುಡುಗ ಕೇಳಿದ ರಜೆ ಬೇಕೇ ಎಂದು ನೀವು ಕೇಳಿದರೆ ಬೇಡವೆಂದೇ ನನ್ನ ಉತ್ತರ. ಶಾಲೆ ಮುಚ್ಚಿದರೆ ಹೆಸರು ಓದುವವರು ಯಾರು? ಗೆದ್ದ ಯುದ್ಧ, ಸೋತ ಯುದ್ಧ, ಯುದ್ಧವೇ ಅಲ್ಲದ ಹಿಮ, ಎಲ್ಲದರಲ್ಲಿಯೂ ಸತ್ತವರಿಗೆ ಒಟ್ಟಾಗಿ ಒಂದು ದಿನ ಗೊತ್ತುಮಾಡಿ, ಆ ದಿನ ಪ್ರತಿ ತಾಲ್ಲೂಕಿನ ಶಾಲೆಯಲ್ಲಿ ಆ ತಾಲ್ಲೂಕಿನ ಹೆಸರುಗಳನ್ನು ಓದಿದರೆ ಸಾಕು. ಯಾವ ದಿನ ಎಂಬುದು ನನಗೆ ಮುಖ್ಯವಲ್ಲ.

ನಮ್ಮ ತಾಲ್ಲೂಕಿನ ಪಟ್ಟಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದಲೂ, ಊರೂರಿನ ಮನೆಗಳನ್ನು ವಿಚಾರಿಸಿಯೂ ನಾನು ಬರೆದುಕೊಂಡು ಬಂದಿದ್ದೇನೆ. ಎರಡು ಕಡೆ ಹುಟ್ಟಿದ ವರ್ಷ ಸಿಕ್ಕಿಲ್ಲ, ಒಬ್ಬರ ವಿಷಯದಲ್ಲಿ ಸತ್ತ ಜಾಗ ಸಿಕ್ಕಿಲ್ಲ. ಹೆಸರು, ಊರು, ಸತ್ತ ವರ್ಷ, ಸತ್ತ ಸ್ಥಳ, ಇಷ್ಟನ್ನೇ ಓದುತ್ತೇನೆ. ಎದ್ದು ನಿಲ್ಲಬೇಕಾಗಿಲ್ಲ, ಕುಳಿತೇ ಕೇಳಿ. ನಿಮ್ಮ ಊರಿನ ಹೆಸರು ಬಂದಾಗ, ಆ ಮನೆಯಲ್ಲಿ ಈಗ ಯಾರಿದ್ದಾರೆಂದು ಗೊತ್ತಿದ್ದವರು, ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬಂದು ಬರೆಸಿ ಹೋಗಿ.